ಒಂದೇ ಹಂಚು, ಎರಡು ಹಿಟ್ಟು

(ಜಮಖಂಡಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹ ರೂಪ)



ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ, ಆಮೇಲೆ ಯಾರೂ ಬೇಜಾರು ಮಾಡಿಕೊಳ್ಳಬಾರದು. ಉಪನ್ಯಾಸ ಮುಗಿದ ಮೇಲೆ ಊಟವಿದೆ ಎಂದು ಆಮಂತ್ರಣ ಪತ್ರಿಕೆಯಲ್ಲಿ ಅಚ್ಚಾಗಿದೆ. ಹಿಂದಿನ ಅಂಗಳದಲ್ಲಿ ಗೋಧಿ ಹುಗ್ಗಿ ಕುದಿಯುವ ವಾಸನೆ ಇಲ್ಲಿಯವರೆಗೂ ಬರುತ್ತಿದೆ. ನಾನು ಆ ಪಂಕ್ತಿಯಲ್ಲಿ ಕೂರುವವನಲ್ಲ. ನನ್ನ ಚೀಲದಲ್ಲಿ ಬುತ್ತಿ ಇದೆ. ಎರಡು ಖಡಕ್ ರೊಟ್ಟಿ, ಗುರೆಳ್ಳ ಚಟ್ನಿ, ಒಂದು ಡಬ್ಬಿ ಮೊಸರು. ಉಪನ್ಯಾಸಕನೇ ಬುತ್ತಿ ಕಟ್ಟಿಕೊಂಡು ಬಂದದ್ದು ಈ ದತ್ತಿಯ ಇತಿಹಾಸದಲ್ಲಿ ಇದೇ ಮೊದಲಿರಬೇಕು. ಬುತ್ತಿ ಯಾಕೆ ಎನ್ನುವುದೇ ಇವತ್ತಿನ ವಿಷಯ.

ನಾನು ವೈದ್ಯನಲ್ಲ. ಬ್ಯಾಂಕಿನಲ್ಲಿ ಲೆಕ್ಕ ತಪಾಸಣೆ ಮಾಡುತ್ತಿದ್ದವನು. ಕೊನೆಯ ಹನ್ನೊಂದು ವರ್ಷ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಈ ನಾಲ್ಕು ತಾಲೂಕಿನ ಶಾಖೆಗಳನ್ನು ತಿರುಗಿದೆ. ತಿರುಗುವ ಕೆಲಸದವನಿಗೆ ಮಧ್ಯಾಹ್ನದ ಊಟ ಎಂದರೆ ಖಾನಾವಳಿ. ಆ ಕೆಲಸ ಸಿಗುವುದಕ್ಕೂ ಮೊದಲೇ, 46ನೇ ವಯಸ್ಸಿನಲ್ಲಿ, ನನ್ನ ಕರುಳಿಗೆ ಗೋಧಿ ಆಗಿಬರುವುದಿಲ್ಲ ಎಂದು ಗೊತ್ತಾಗಿತ್ತು. ಅದಕ್ಕೆ ಹಿಂದಿನ ಏಳು ವರ್ಷ ‘ರಕ್ತ ಕಡಿಮೆ’ ಎಂದು ಕಬ್ಬಿಣದ ಗುಳಿಗೆ ನುಂಗಿದ್ದೆ. ತಿಂಗಳು ತಿಂಗಳು ಜಮಾ ಆಗುತ್ತಿದೆ, ಶಿಲ್ಕು ಮಾತ್ರ ಏರುತ್ತಿಲ್ಲ. ಬೇರೆಯವರ ಖಾತೆಯಲ್ಲಿ ಹೀಗಿದ್ದರೆ ಎಲ್ಲೋ ಸೋರಿಕೆ ಇದೆ ಎಂದು ಮೊದಲ ದಿನವೇ ಬರೆಯುತ್ತಿದ್ದೆ. ನನ್ನದೇ ಖಾತೆಯಲ್ಲಿ ಏಳು ವರ್ಷ ಹೊಳೆಯಲಿಲ್ಲ.

ಕಾಯಿಲೆಯ ಹೆಸರು ಸೀಲಿಯಾಕ್. ಗೋಧಿ, ಬಾರ್ಲಿ, ರೈ ಈ ಮೂರು ಧಾನ್ಯಗಳಲ್ಲಿರುವ ಗ್ಲುಟೆನ್ ಎಂಬ ಸಸಾರಜನಕ ಹೊಟ್ಟೆಗೆ ಹೋದಾಗ, ಮೈಯ ಕಾವಲು ಪಡೆ ತನ್ನ ಸಣ್ಣ ಕರುಳಿನ ಮೇಲೆಯೇ ಎರಗುತ್ತದೆ. ಕರುಳಿನ ಒಳಮೈಯಲ್ಲಿ ಮಖಮಲ್ಲಿನ ಜುಂಗಿನಂಥ ಎಳೆಗಳಿರುತ್ತವೆ. ಉಂಡದ್ದನ್ನು ಹೀರಿ ರಕ್ತಕ್ಕೆ ಕೊಡುವುದು ಅವೇ. ಅವು ಸವೆದು ನೆಲಸಮವಾಗುತ್ತವೆ. ಆಮೇಲೆ ಏನು ಉಂಡರೂ ಮೈಗೆ ಹತ್ತುವುದಿಲ್ಲ. ಮಕ್ಕಳಾದರೆ ಬೆಳವಣಿಗೆ ನಿಲ್ಲುತ್ತದೆ, ಹೊಟ್ಟೆ ಉಬ್ಬುತ್ತದೆ, ಭೇದಿ ನಿಲ್ಲುವುದಿಲ್ಲ. ದೊಡ್ಡವರಲ್ಲಿ ಬರೀ ರಕ್ತಹೀನತೆ, ಸುಸ್ತು, ಮೂಳೆ ಸವಕಲು ಇಷ್ಟೇ ಕಾಣಬಹುದು. ಪತ್ತೆ ಹಚ್ಚುವ ದಾರಿ ಒಂದು ರಕ್ತ ಪರೀಕ್ಷೆ, ಅದು ಹೌದೆಂದರೆ ಎಂಡೋಸ್ಕೋಪಿ ಮಾಡಿ ಕರುಳಿನ ಚೂರು ತೆಗೆದು ನೋಡುವುದು. ಔಷಧ ಇಲ್ಲ. ಬದುಕಿರುವವರೆಗೆ ಗೋಧಿ ಬಿಡುವುದೇ ಔಷಧ. ಇಲ್ಲಿ ತಾಯಂದಿರು ಇದ್ದೀರಿ, ಅದಕ್ಕೆ ಇನ್ನೊಂದು ಮಾತು. ಅನುಮಾನ ಬಂತೆಂದು ಪರೀಕ್ಷೆಗೆ ಮೊದಲೇ ಚಪಾತಿ ಬಿಡಿಸಿಬಿಟ್ಟರೆ ಪರೀಕ್ಷೆ ಸುಳ್ಳು ಹೇಳುತ್ತದೆ. ಮೊದಲು ಪರೀಕ್ಷೆ, ಆಮೇಲೆ ಪಥ್ಯ.

ಗೋಧಿಯೇ ಕಳ್ಳ ಎಂದು ಪತ್ತೆಯಾದದ್ದು ಹೊಟ್ಟೆಗಿಲ್ಲದ ಒಂದು ಕಾಲದಲ್ಲಿ. ಹಾಲೆಂಡಿನ ಹೇಗ್ ಪಟ್ಟಣದಲ್ಲಿ ವಿಲ್ಲೆಮ್ ಡಿಕ್ಕೆ ಎಂಬ ಮಕ್ಕಳ ವೈದ್ಯರಿದ್ದರು. 1944-45ರ ಚಳಿಗಾಲದಲ್ಲಿ ಜರ್ಮನ್ ಸೈನ್ಯದ ಹಿಡಿತದಲ್ಲಿದ್ದ ಆ ನಾಡಿನಲ್ಲಿ ಬ್ರೆಡ್ಡು ಸಿಗದಾಯಿತು, ಜನ ಟ್ಯೂಲಿಪ್ ಗಡ್ಡೆ ಬೇಯಿಸಿ ತಿಂದರು. ಊರೆಲ್ಲ ಸೊರಗುವಾಗ ಈ ಕಾಯಿಲೆಯ ಮಕ್ಕಳು ಮಾತ್ರ ಚೇತರಿಸಿಕೊಂಡರು. ಬ್ರೆಡ್ಡು ಮರಳಿ ಬಂದಾಗ ಮತ್ತೆ ಮಲಗಿದರು. ಡಿಕ್ಕೆ ಅವರಿಗೆ ಗೋಧಿಯ ಮೇಲೆ ಯುದ್ಧಕ್ಕೂ ಮೊದಲೇ ಗುಮಾನಿ ಇತ್ತು, ಬರಗಾಲ ಅದನ್ನು ಗಟ್ಟಿ ಮಾಡಿತು. 1950ರಲ್ಲಿ ಉಟ್ರೆಕ್ಟ್ ವಿಶ್ವವಿದ್ಯಾಲಯಕ್ಕೆ ಅದನ್ನೇ ಪ್ರಬಂಧವಾಗಿ ಒಪ್ಪಿಸಿದರು. ಬರ ಎಂದರೆ ನಮಗೆ ಹೊಸದಲ್ಲ. ನಮ್ಮಲ್ಲಿ ಬರ ಬಿದ್ದಾಗ ಆದದ್ದು ಮಾತ್ರ ಇದರ ತಿರುವು ಮುರುವು: ಜೋಳ ಹೋಗಿ ಅಮೆರಿಕದ ಗೋಧಿ ಬಂತು. ಶಾಲೆಯಲ್ಲಿ ಗೋಧಿ ನುಚ್ಚಿನ ಉಪ್ಪಿಟ್ಟು ತಿಂದು ಬೆಳೆದವರು ಈ ಸಭೆಯಲ್ಲಿ ಅರ್ಧಕ್ಕರ್ಧ ಇದ್ದೀರಿ.

ನಮ್ಮ ದೇಶದಲ್ಲಿ ಇದು ಎಷ್ಟಿದೆ? 2016ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ ಉತ್ತರ, ಈಶಾನ್ಯ ಮತ್ತು ದಕ್ಷಿಣ ಭಾರತದ 23 ಸಾವಿರಕ್ಕೂ ಹೆಚ್ಚು ಜನರ ರಕ್ತ ನೋಡಿದರು. ಕಾಯಿಲೆಯ ಸುಳಿವು ಕೊಡುವ ಪ್ರತಿಕಾಯ ರಕ್ತದಲ್ಲಿ ಸಿಕ್ಕವರು ಉತ್ತರದಲ್ಲಿ ನೂರಕ್ಕೆ 1.23, ದಕ್ಷಿಣದಲ್ಲಿ ನೂರಕ್ಕೆ 0.10. ಕಾಯಿಲೆಗೆ ದಾರಿ ಮಾಡಿಕೊಡುವ ವಂಶವಾಹಿ ಎರಡೂ ಕಡೆ ಹೆಚ್ಚು ಕಡಿಮೆ ಒಂದೇ ಪ್ರಮಾಣದಲ್ಲಿತ್ತು. ಬೇರೆಯಾಗಿದ್ದುದು ಗಂಗಾಳ. ಉತ್ತರದವರು ದಿನಕ್ಕೆ 455 ಗ್ರಾಂ ಗೋಧಿ ಉಣ್ಣುತ್ತಿದ್ದರು, ದಕ್ಷಿಣದವರು 25 ಗ್ರಾಂ. ಈ ಲೆಕ್ಕದಲ್ಲಿ ದಕ್ಷಿಣ ಎಂದರೆ ಅನ್ನ ಉಣ್ಣುವ ವೆಲ್ಲೂರಿನ ಕಡೆ. ಬಾಗಲಕೋಟೆ ಜಿಲ್ಲೆ ಆ ಕಡೆಯದೂ ಅಲ್ಲ, ಈ ಕಡೆಯದೂ ಅಲ್ಲ. ನಮ್ಮದು ರೊಟ್ಟಿ ಚಪಾತಿ ಒಂದೇ ಬುಟ್ಟಿಯಲ್ಲಿರುವ ಸೀಮೆ.

ಆ ಬುಟ್ಟಿಯೂ ನಮ್ಮ ಕಣ್ಣೆದುರಿಗೇ ಬದಲಾಗಿದೆ. ನಾನು ಹುಡುಗನಿದ್ದಾಗ ಚಪಾತಿ ಎಂದರೆ ಬೀಗರು ಬಂದ ದಿನ, ಮಾದಲಿ ಎಂದರೆ ಹಬ್ಬ. 1989ರಲ್ಲಿ ಕೃಷ್ಣಾ ತೀರದ ರೈತರು ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ತಾವೇ ದುಡ್ಡು ಕೂಡಿಸಿ, ತಾವೇ ಕಲ್ಲು ಮಣ್ಣು ಹೊತ್ತು ಚಿಕ್ಕಪಡಸಲಗಿಯಲ್ಲಿ ಬ್ಯಾರೇಜು ಕಟ್ಟಿಕೊಂಡರು. ಘಟಪ್ರಭೆಯ ನೀರು ಮುಧೋಳದ ಹೊಲಗಳಿಗೆ ಬಂತು. ನೀರು ಬಂದಲ್ಲಿ ಕಬ್ಬು ಬಂತು, ಕಬ್ಬಿನ ಹಿಂದೆ ಸಕ್ಕರೆ ಕಾರಖಾನೆ, ಅದರ ಹಿಂದೆ ರೊಕ್ಕ. ಬಿಳಿಜೋಳ ಮಳೆ ನಂಬಿದ ಎರೆಹೊಲಕ್ಕೆ ಸರಿಯಿತು. ನಾನು ಇದನ್ನು ದೂರುತ್ತಿಲ್ಲ, ನೀರಿಗಾಗಿ ಈ ಜನ ಪಟ್ಟ ಪಾಡು ಕಂಡವನು ದೂರಲಾರ. ಗೋಧಿ ಹೆಚ್ಚು ತಿಂದದ್ದರಿಂದಲೇ ಕಾಯಿಲೆ ಹೆಚ್ಚಾಯಿತು ಎಂದೂ ನಾನು ಹೇಳುವುದಿಲ್ಲ. ಅದಕ್ಕೆ ನನ್ನ ಬಳಿ ವೌಚರ್ ಇಲ್ಲ. ಖಾನಾವಳಿಯ ಹಂಚಿನ ಮೇಲೆ ಚಪಾತಿ ದಿನಾ ಕೂತಿತು ಎಂಬುದಕ್ಕೆ ಮಾತ್ರ ನಾನೇ ಸಾಕ್ಷಿ.

ಈಗ ರೊಟ್ಟಿಯ ಹತ್ತಿರ ಬರುತ್ತೇನೆ. ಗೋಧಿ ಹಿಟ್ಟಿಗೆ ನೀರು ಹಾಕಿ ನಾದಿದರೆ ರಬ್ಬರಿನಂತೆ ಎಳೆಯುತ್ತದಲ್ಲ, ಆ ಎಳೆತವೇ ಗ್ಲುಟೆನ್. ಜೋಳದಲ್ಲಿ ಅದು ಇಲ್ಲ. ಹಾಗಾಗಿ ತಣ್ಣೀರಿನಲ್ಲಿ ಕಲಸಿದ ಜೋಳದ ಹಿಟ್ಟು ಕೈಯಲ್ಲೇ ಬಿರಿಯುತ್ತದೆ. ನಮ್ಮ ಅವ್ವಂದಿರು ಇದಕ್ಕೆ ಏನು ಮಾಡಿದರು? ಎಸರು ಕುದಿಸಿ ಹಿಟ್ಟಿನ ನಡುವೆ ಸುರಿದರು. ಕುದಿನೀರಿಗೆ ಹಿಟ್ಟಿನ ಗಂಜಿ ಉಬ್ಬಿ ಜಿಗಿಯಾಗುತ್ತದೆ, ಆ ಜಿಗಿ ಹಿಟ್ಟನ್ನು ಹಿಡಿದಿಡುತ್ತದೆ. ಉಳಿದದ್ದು ಅಂಗೈ ಕೆಲಸ. ಗ್ಲುಟೆನ್ ಇಲ್ಲದೆ ಬ್ರೆಡ್ಡು ಮಾಡಲು ಯುರೋಪಿನ ಕಂಪನಿಗಳು ಏನೇನೋ ಅಂಟು, ಪಿಷ್ಟ ಬೆರೆಸಿ ಒದ್ದಾಡುತ್ತವೆ. ಇಲ್ಲಿ ಅದೇ ತೊಡಕನ್ನು ಒಂದು ತಂಬಿಗೆ ಎಸರಿನಿಂದ ಬಿಡಿಸಿಟ್ಟಿದ್ದಾರೆ. ಜೋಳದ ಅಡುಗೆ ಸೀಲಿಯಾಕ್ ರೋಗಿಗಳಿಗೆ ಸುರಕ್ಷಿತ ಎಂದು ಇಟಲಿಯ ಸಂಶೋಧಕರು 2007ರಲ್ಲಿ ಪ್ರಕಟಿಸಿದ್ದನ್ನು ಓದಿದಾಗ ನನಗೆ ನಗು ಬಂತು, ಸ್ವಲ್ಪ ಹೆಮ್ಮೆಯೂ ಆಯಿತು. ನನ್ನ ಗೋತ್ರದ ರೋಗಿಗೆ ಭೂಮಿಯ ಮೇಲೆ ಇದಕ್ಕಿಂತ ಒಳ್ಳೆಯ ಊರು ಇರಲಾರದು ಎಂದುಕೊಂಡೆ. ರೊಟ್ಟಿ, ಎಣಗಾಯಿ, ಕಾಳುಪಲ್ಯ, ಝುಣಕ, ಶೇಂಗಾ ಚಟ್ನಿ, ಮೊಸರು, ಅನ್ನ, ಬ್ಯಾಳಿ ಸಾರು. ಗಂಗಾಳದ ತುಂಬ ಹುಡುಕಿದರೂ ಗೋಧಿಯ ಸುಳಿವಿಲ್ಲ.

ಮನೆಯ ಗಂಗಾಳಕ್ಕೆ ಈ ಮಾತು ನಿಜ. ಖಾನಾವಳಿಯದು ಬೇರೆ ಕಥೆ.

ಖಾನಾವಳಿ ಎಂಬ ಮಾತು ಮರಾಠಿಯಿಂದ ಬಂದದ್ದು. ಪಟವರ್ಧನರ ಜಮಖಂಡಿ, ಘೋರ್ಪಡೆಯವರ ಮುಧೋಳ, ಸುತ್ತಲಿನ ಮುಂಬಯಿ ಪ್ರಾಂತ, ಎಲ್ಲ ಕಡೆ ಆ ಭಾಷೆಯ ಓಡಾಟವಿತ್ತು. ಪದ ಅವರದಾದರೂ ಅಡುಗೆ ನಮ್ಮದೇ. ಬೋರ್ಡಿನ ಮೇಲೆ ‘ಲಿಂಗಾಯತ ಖಾನಾವಳಿ’ ಎಂದಿರುತ್ತದೆ. ಕೂತ ಕೂಡಲೇ ಉಳ್ಳಾಗಡ್ಡಿ, ಸವತಿಕಾಯಿ, ಚಟ್ನಿ ಬರುತ್ತವೆ. ಆಮೇಲೆ ಒಂದು ಪ್ರಶ್ನೆ, ‘ರೊಟ್ಟಿನೋ ಚಪಾತಿನೋ?’ ಎಂಥ ಸೊಗಸಾದ ಪ್ರಶ್ನೆ! ಆಯ್ಕೆ ಗಿರಾಕಿಯದು, ಎರಡಕ್ಕೂ ಅದೇ ರೇಟು. ನನ್ನ ಪಾಲಿಗೆ ಗಂಡಾಂತರವೆಲ್ಲ ಆ ಪ್ರಶ್ನೆಯೊಳಗೇ ಇದೆ. ಎರಡೂ ಸಿಗುತ್ತವೆ ಎಂದರೆ ಒಳಗೆ ಎರಡೂ ಹಿಟ್ಟು ಇವೆ, ಒಂದೇ ಪರಾತ ಇದೆ, ಮಧ್ಯಾಹ್ನ ಒಂದು ಗಂಟೆಯ ಗದ್ದಲದಲ್ಲಿ ಒಂದೇ ಹಂಚು ಎರಡನ್ನೂ ಹೊರುತ್ತದೆ.

ಬಾಗಿಲ ಬಳಿ ಕೂತು ನಾನು ಎಷ್ಟೋ ಅಡುಗೆ ಮನೆಗಳನ್ನು ತಪಾಸಣೆಯ ಕಣ್ಣಿನಿಂದಲೇ ನೋಡಿದ್ದೇನೆ. ಚಪಾತಿ ಲಟ್ಟಿಸುವಾಗ ಹಚ್ಚುವ ಒಣ ಹಿಟ್ಟು ಹಂಚಿನ ಮೇಲೆ ಉದುರಿ ಕೆಂಪಗಾಗುತ್ತದೆ. ಅದನ್ನು ಅರಿವೆಯಿಂದ ಒಮ್ಮೆ ಝಾಡಿಸಿ, ಅದರ ಮೇಲೆಯೇ ರೊಟ್ಟಿ ಹಾಕುತ್ತಾರೆ. ರೊಟ್ಟಿಯ ಬೆನ್ನಿಗೆ ನೀರು ಹಚ್ಚುವುದೂ ಅದೇ ಅರಿವೆಯಿಂದ. ಹಂಚು ಝಾಡಿಸಿದ ಅರಿವೆ ನೀರಿನ ಬೋಗುಣಿಗೆ, ಬೋಗುಣಿಯಿಂದ ರೊಟ್ಟಿಗೆ. ಬೆಂದ ಮೇಲೆ ರೊಟ್ಟಿ ಚಪಾತಿ ಎರಡೂ ಒಂದೇ ಬುಟ್ಟಿಗೆ, ಒಂದೇ ಬಟ್ಟೆಯ ಕೆಳಗೆ. ಇದರಲ್ಲಿ ಹೊಲಸು ಎಂಬುದು ಏನೂ ಇಲ್ಲ. ನಿಮಗೆ ಇದು ಸ್ವಚ್ಛ ಅಡುಗೆ ಮನೆ, ನನಗೆ ಮಾತ್ರ ಅಲ್ಲ. ವ್ಯತ್ಯಾಸ ಕಣ್ಣಿಗೆ ಕಾಣುವುದಿಲ್ಲ, ಅದೇ ತೊಂದರೆ.

ಇದಕ್ಕಿಂತ ದೊಡ್ಡದು ಒಂದು ಮುಷ್ಟಿಯ ಕಥೆ. ರೊಟ್ಟಿ ಬಡಿಯುವುದು ದಿನಗೂಲಿಗೆ ಸಿಗುವ ವಿದ್ಯೆಯಲ್ಲ. ಬಡಿಯುವ ಅಕ್ಕ ಊರಿಗೆ ಹೋದಳು, ಹೊಸ ಹುಡುಗಿ ಬಂದಳು. ಹಿಟ್ಟು ಬೀಸಿಸಿ ದಿನವಾಗಿ ಜಿಗಿ ಹೋಗಿದೆ, ರೊಟ್ಟಿ ಅಂಚಿನಲ್ಲಿ ಬಿರಿಯುತ್ತಿದೆ. ಆಗ ಜೋಳದ ಹಿಟ್ಟಿಗೆ ಒಂದು ಮುಷ್ಟಿ ಗೋಧಿ ಹಿಟ್ಟು ಬೀಳುತ್ತದೆ. ರೊಟ್ಟಿ ಚಂದ ಬರುತ್ತದೆ, ತಿಂದವರು ಹೊಗಳುತ್ತಾರೆ. ಮುಧೋಳದ ಒಂದು ಖಾನಾವಳಿಯಲ್ಲಿ, ಹೆಸರು ಬೇಡ, ಮೂರು ವಾರ ಒಂದೇ ಸವನೆ ಇಂಥ ರೊಟ್ಟಿ ಉಂಡೆ. ಎಷ್ಟು ಮೆತ್ತಗೆ, ಎಷ್ಟು ತೆಳ್ಳಗೆ! ಮನೆಯಲ್ಲಿ ಹೆಂಡತಿಯ ಮುಂದೆ ಹೊಗಳಿ ಬೈಸಿಕೊಂಡದ್ದೂ ಆಯಿತು. ಮೂರನೆಯ ವಾರ ಹಳೆಯ ಸುಸ್ತು, ಹಳೆಯ ಹೊಟ್ಟೆ ಮರಳಿ ಬಂದವು. ವಿಚಾರಿಸಿದಾಗ ಆ ಯಜಮಾನರು ಮುಚ್ಚುಮರೆ ಇಲ್ಲದೆ ಹೇಳಿದರು: ‘ಸಾಹೇಬ್ರ, ಸ್ವಲ್ಪ ಗೋಧಿ ಕೂಡಸ್ತೀವ್ರಿ, ಇಲ್ಲಂದ್ರ ಹುಡುಗಿಗೆ ಬಡಿಯಾಕ ಬರೂದಿಲ್ಲ. ಹಂಗಂತ ಜಾಸ್ತಿ ಹಾಕೂದಿಲ್ರೀ.’ ಅವರ ಬಗ್ಗೆ ನನಗೆ ಇವತ್ತಿಗೂ ಸಿಟ್ಟಿಲ್ಲ. ನಾನು ಕೇಳಿದ್ದು ‘ಜೋಳದ ರೊಟ್ಟಿ ಐತೇನ್ರೀ’ ಎಂದು, ಅವರು ಹೇಳಿದ್ದು ‘ಐತಿ’ ಎಂದು. ಇಬ್ಬರೂ ಸುಳ್ಳು ಹೇಳಿರಲಿಲ್ಲ.

ಆ ಮುಷ್ಟಿಯ ಲೆಕ್ಕ ನೋಡೋಣ, ಇದು ನನ್ನ ಕಸುಬು. ಒಂದು ಕಿಲೋ ಆಹಾರದಲ್ಲಿ 20 ಮಿಲಿಗ್ರಾಂಗಿಂತ ಹೆಚ್ಚು ಗ್ಲುಟೆನ್ ಇರಬಾರದು, ಆಗ ಮಾತ್ರ ಅದನ್ನು ‘ಗ್ಲುಟೆನ್ ಇಲ್ಲದ್ದು’ ಎಂದು ಮಾರಬಹುದು. ಕೋಡೆಕ್ಸ್ ಎಂಬ ಜಾಗತಿಕ ಆಹಾರ ಮಾನದಂಡದ ನಿಯಮವೂ ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮವೂ ಇದನ್ನೇ ಹೇಳುತ್ತವೆ. 20 ಮಿಲಿಗ್ರಾಂ ಎಂದರೆ ಹೆಚ್ಚು ಕಡಿಮೆ ಕಾಲು ಗ್ರಾಂ ಗೋಧಿ ಹಿಟ್ಟಿನಲ್ಲಿರುವಷ್ಟು, ಎರಡು ಬೆರಳಿಗೆ ಹತ್ತುವ ಒಂದು ಚಿಟಿಕೆ. ಮುಷ್ಟಿಗೆ 40-50 ಗ್ರಾಂ ಬರುತ್ತದೆ. ಕಿಲೋ ಹಿಟ್ಟಿಗೆ ಒಂದು ಮುಷ್ಟಿ ಎಂದರೆ ಮಿತಿಯ 160ರಿಂದ 200 ಪಟ್ಟು. ದಿನಕ್ಕೆ ಬರೀ 50 ಮಿಲಿಗ್ರಾಂ ಗ್ಲುಟೆನ್ ಮೂರು ತಿಂಗಳು ಹೊಟ್ಟೆಗೆ ಹೋದರೂ ಕರುಳಿನ ಎಳೆಗಳು ಸವೆಯುತ್ತವೆ ಎಂದು ಇಟಲಿಯ ಇನ್ನೊಂದು ಅಧ್ಯಯನ ತೋರಿಸಿದೆ. ಅದು ಒಂದು ಚಪಾತಿಯ ಐವತ್ತನೆಯ ಒಂದು ಪಾಲು. ಹೊಟ್ಟೆ ನೋಯುತ್ತದೆ ಎಂಬ ಖಾತ್ರಿಯೂ ಇಲ್ಲ. ಕೆಲವರಿಗೆ ಒಂದೆರಡು ತಾಸಿನಲ್ಲಿ ವಾಂತಿಯಾಗುತ್ತದೆ, ಕೆಲವರಿಗೆ ಏನೂ ಆಗುವುದಿಲ್ಲ, ಒಳಗೆ ಸವೆತ ಮಾತ್ರ ನಡೆದೇ ಇರುತ್ತದೆ. ‘ಸ್ವಲ್ಪ ತಿಂದ್ರ ಏನಾಗೂದಿಲ್ಲ ತಗೋರೀ’ ಎಂದು ಪ್ರೀತಿಯಿಂದ ಬಡಿಸುವವರಿಗೆ ನಾನು ಹೆದರುವುದು ಇದಕ್ಕೇ.

ಅಡುಗೆ ಮನೆಯ ಹಿಂದೆ ಗಿರಣಿ ಇದೆ. ನಮ್ಮ ಓಣಿಯ ಹಿಟ್ಟಿನ ಗಿರಣಿಯಲ್ಲಿ ಗೋಧಿ ಬೀಸಿದ ಕಲ್ಲಿನಲ್ಲೇ ಜೋಳ, ಅದರಲ್ಲೇ ಕಡ್ಲಿಬ್ಯಾಳಿ. ಹಿಂದಿನವರ ಹಿಟ್ಟು ಕಲ್ಲಿನ ಸಂದಿಯಲ್ಲಿ, ಚೀಲದ ಮೂತಿಯಲ್ಲಿ ಉಳಿದಿರುತ್ತದೆ. ಹೆಣ್ಣುಮಕ್ಕಳಿಗೆ ಇದು ಗೊತ್ತು. ‘ಗೋಧಿ ಹಾಕ್ಯಾರೇನು? ತಡಿ, ಜ್ವಾಳ ಬೀಸೂ ಮುಂದ ಹಾಕ್ತೀನಿ’ ಎಂದು ಕಾಯುವುದನ್ನು ಎಲ್ಲ ಗಿರಣಿಯಲ್ಲೂ ನೋಡಬಹುದು. ಅವರು ಕಾಯುವುದು ಹಿಟ್ಟು ಕೆಡಬಾರದೆಂದು. ನಾನು ಕಾಯುವುದು ಕರುಳು ಕೆಡಬಾರದೆಂದು. ನಮ್ಮ ಮನೆಯಲ್ಲಿ ಈಗ ಸಣ್ಣ ಯಂತ್ರ ತಂದು ಅದರಲ್ಲಿ ಜೋಳ, ಕಡ್ಲಿ, ಅಕ್ಕಿ ಬಿಟ್ಟು ಬೇರೆ ಏನೂ ಹಾಕುವುದಿಲ್ಲ. ಖಾನಾವಳಿಯವರು ದಿನಕ್ಕೆ ಹತ್ತಾರು ಕಿಲೋ ಬೀಸಿಸುವವರು, ಅವರಿಗೆ ಇದನ್ನು ಹೇಳುವ ಧೈರ್ಯ ನನಗಿಲ್ಲ. ಹೀಗಾಗಿ ಹೊರಗಿನ ಝುಣಕವೂ ನನಗೆ ಸಂಶಯದ ಖಾತೆಯೇ.

ಊರಿಂದ ಊರಿಗೆ ಗಂಡಾಂತರದ ರೂಪ ಬೇರೆ. ಜಮಖಂಡಿಯ ಉಡುಪಿ ಹೋಟೆಲಿನಲ್ಲಿ ಇಡ್ಲಿ ನನ್ನ ಆಪ್ತ ಮಿತ್ರ, ಸಾಂಬಾರು ಅಲ್ಲ. ಸಾಂಬಾರಿಗೆ ಇಂಗು ಬೀಳುತ್ತದೆ. ಇಂಗಿನ ಗಿಡದ ಹಾಲು ಇರಾನ್, ಅಫ್ಘಾನಿಸ್ತಾನಗಳಿಂದ ಬರುತ್ತದೆ, ಅದರ ಘಾಟು ತಡೆಯಲಾಗದೆ ನಮ್ಮ ವ್ಯಾಪಾರಿಗಳು ಅದಕ್ಕೆ ಗೋಂದು, ಹಿಟ್ಟು ಬೆರೆಸಿ ಡಬ್ಬಿ ಮಾಡುತ್ತಾರೆ. ಆ ಹಿಟ್ಟು ಹೆಚ್ಚಿನ ಸಲ ಗೋಧಿಯದು ಇಲ್ಲವೇ ಮೈದಾ. ಡಬ್ಬಿಯ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ, ಓದಿ ನೋಡಿ. ಈಗ ಅಕ್ಕಿ ಹಿಟ್ಟಿನ ಇಂಗೂ ಸಿಗುತ್ತದೆ. ದೋಸೆಯ ಹಿಟ್ಟಿಗೆ ಗರಿಗರಿಯಾಗಲೆಂದು ರವೆ, ಮೈದಾ ಬೆರೆಸುವವರಿದ್ದಾರೆ; ಬೆರೆಸದವರ ಕಾವಲಿಯ ಮೇಲೂ ಹಿಂದಿನ ರವಾ ದೋಸೆಯ ಚೂರು ಅಂಟಿಕೊಂಡಿರುತ್ತದೆ. ‘ಮಿರ್ಚಿ ಬರೀ ಕಡ್ಲಿ ಹಿಟ್ಟು ಅಲ್ಲೇನ್ರೀ’ ಎಂದು ನನಗೆ ಹೇಳಿದವರು ಬಹಳ. ಹಿಟ್ಟು ಸರಿ, ಎಣ್ಣೆ? ಬೆಳಗಿನ ಪುರಿ, ಮಧ್ಯಾಹ್ನದ ಸಮೋಸಾ, ಸಂಜೆಯ ಮಿರ್ಚಿ ಒಂದೇ ಕಡಾಯಿಯಲ್ಲಿ ಮುಳುಗಿ ಏಳುತ್ತವೆ. ಕಾದ ಎಣ್ಣೆಯಲ್ಲಿ ಎಲ್ಲ ಸುಟ್ಟು ಹೋಗುತ್ತದೆ ಎಂದು ನಾನೂ ನಂಬಿದ್ದೆ. ರೋಗಾಣು ಸಾಯುತ್ತದೆ, ಗ್ಲುಟೆನ್ ಸಾಯಲು ಅದಕ್ಕೆ ಜೀವವೇ ಇಲ್ಲ.

ರಬಕವಿ-ಬನಹಟ್ಟಿಯ ಮಗ್ಗದ ಓಣಿಗಳಲ್ಲಿ ಚಹಾದ ಅಂಗಡಿಯೇ ಉಪಾಹಾರ ಗೃಹ. ಚಹಾದ ಜೊತೆ ಖಾರಿ, ಟೋಸ್ಟ್, ಪಾವ್. ಪಾಳಿ ಮುಗಿಸಿ ಬಂದ ನೇಕಾರನಿಗೆ ನಿಂತಲ್ಲೇ ಹೊಟ್ಟೆ ತುಂಬಿಸುವುದು ಅದೇ. ಅಲ್ಲಿ ಅಪಾಯ ಬಯಲಲ್ಲೇ ಇದೆ, ಗುರುತಿಸುವುದು ಸುಲಭ. ಕಷ್ಟ ಆಗುವುದು ಚುಮ್ಮರಿ ಒಗ್ಗರಣೆ ತಿನ್ನುವಾಗ. ಪುಟಾಣಿ ಹಿಟ್ಟು ಉದುರಿಸುವ ಕೈಯೇ ಈಗಷ್ಟೇ ಪಾವ್ ಹರಿದಿರುತ್ತದೆ. ಬೀಳಗಿಯ ಕಡೆ ಹೋದರೆ ಹೆದ್ದಾರಿ, ಹೆದ್ದಾರಿಗುಂಟ ಧಾಬಾ. ಆಲಮಟ್ಟಿಯ ಹಿನ್ನೀರು ಹೊಲ ಮನೆ ನುಂಗಿ ಮೀನು ಕೊಟ್ಟಿದೆ. ಕೊರ್ತಿಯ ಕಡೆಯ ಮೀನು ಬಲು ರುಚಿ ಎನ್ನುತ್ತಾರೆ. ನಾನು ಮೀನು ತಿನ್ನುವವನಲ್ಲ, ತಿನ್ನುವ ಗೆಳೆಯನ ತಟ್ಟೆ ನೋಡಿದ್ದೇನೆ, ಮೀನಿನ ಮೈತುಂಬ ರವೆ. ಗೋಬಿ ಮಂಚೂರಿಯಲ್ಲಿ ಮೈದಾ ಒಂದೇ ಅಲ್ಲ, ಅದರ ಕಪ್ಪು ಸೋಯಾ ಸಾಸಿನಲ್ಲೂ ಹೆಚ್ಚಿನ ಸಲ ಗೋಧಿ ಇರುತ್ತದೆ. ಸಂಜೆ ಬೀರು ಕುಡಿಯುವವರಿಗೆ ಬಾರ್ಲಿಯ ವಿಷಯ ಬೇರೆ ಹೇಳಬೇಕಿಲ್ಲ. ಹೊಳೆ ದಾಟಿದರೆ ಕೊಲ್ಹಾರದ ಗಡಿಗೆ ಮೊಸರು. ಆ ದಾರಿಯಲ್ಲಿ ನಾನು ಕಣ್ಣು ಮುಚ್ಚಿ ತಿನ್ನುವುದು ಅದೊಂದನ್ನೇ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ತಿದ್ದಬೇಕು. ನಮ್ಮಲ್ಲಿ ಕಪ್ಲಿ, ಸದಕ ಎಂದು ಕರೆಯುವ ಹಳೆಯ ಗೋಧಿ ಇದೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಡಿಡಿಕೆ 1029ರಂಥ ತಳಿಗಳನ್ನು ಬಿಡುಗಡೆ ಮಾಡಿರುವುದೂ ಇದರಲ್ಲೇ. ಸಕ್ಕರೆ ಕಾಯಿಲೆಯವರಿಗೆ ಒಳ್ಳೆಯದು ಎಂಬ ಹೆಸರು ಅದಕ್ಕಿದೆ. ‘ಇದು ಜವಾರಿ ಗೋಧಿ, ನಿಮಗ ನಡೀತೈತಿ’ ಎಂದು ಕಪ್ಲಿಯ ಪಾಯಸ ತಂದುಕೊಟ್ಟವರಿದ್ದಾರೆ. ಜವಾರಿಯಾದರೂ ಗೋಧಿ ಗೋಧಿಯೇ. ನಡೆಯುವುದಿಲ್ಲ.

ಬೋರ್ಡು ಹಾಕಿ ‘ಗ್ಲುಟೆನ್ ಇಲ್ಲ’ ಎಂದು ಮಾರುವ ನಾಡುಗಳಲ್ಲಿ ಇದೆಲ್ಲ ನೇರ್ಪಾಗಿದೆ ಎಂದೇನೂ ಇಲ್ಲ. ಅಮೆರಿಕದಲ್ಲಿ ಕಿಸೆಯಲ್ಲಿಟ್ಟುಕೊಳ್ಳುವ ಒಂದು ಪರೀಕ್ಷಾ ಯಂತ್ರ ಬಂದಿತ್ತು. ಅದನ್ನು ಕೊಂಡ 800ಕ್ಕೂ ಹೆಚ್ಚು ಜನ ಹೋಟೆಲುಗಳಲ್ಲಿ ಮಾಡಿದ 5,624 ಪರೀಕ್ಷೆಗಳ ಲೆಕ್ಕ 2019ರಲ್ಲಿ ಪ್ರಕಟವಾಯಿತು. ಗ್ಲುಟೆನ್ ಇಲ್ಲ ಎಂದು ಹೇಳಿ ಬಡಿಸಿದ್ದರಲ್ಲೇ ನೂರಕ್ಕೆ 32ರಲ್ಲಿ ಅದು ಸಿಕ್ಕಿತು. ಪಿಜ್ಜಾದಲ್ಲಂತೂ ಅರ್ಧಕ್ಕಿಂತ ಹೆಚ್ಚು. ಆ ಯಂತ್ರ ತೀರ ಸೂಕ್ಷ್ಮ, ಅನುಮಾನ ಬಂದದ್ದನ್ನೇ ಜನ ಹೆಚ್ಚಾಗಿ ಪರೀಕ್ಷಿಸಿರುತ್ತಾರೆ. ಹಾಗಾಗಿ ಈ ಅಂಕಿಯಲ್ಲಿ ಒಂದಿಷ್ಟು ವಟಾವು ಬಿಡಬೇಕು. ಬಿಟ್ಟರೂ, ಪಿಜ್ಜಾದ ಒಲೆ ನಮ್ಮ ಹಂಚಿನ ಬೀಗನೇ ಎಂಬುದು ತಿಳಿಯುತ್ತದೆ.

ಕಾನೂನು ಏನು ಹೇಳುತ್ತದೆ ಎಂದು ಕೇಳುವವರಿರುತ್ತೀರಿ. 2020ರ ಲೇಬಲ್ ಮತ್ತು ಪ್ರದರ್ಶನ ನಿಯಮಗಳ ಪ್ರಕಾರ ಪೊಟ್ಟಣದ ಮೇಲೆ ಗ್ಲುಟೆನ್ ಇರುವ ಧಾನ್ಯದ ಹೆಸರು ಕಾಣಿಸಲೇಬೇಕು. ಹೋಟೆಲುಗಳ ಪೈಕಿ ಕೇಂದ್ರದ ಲೈಸೆನ್ಸ್ ಉಳ್ಳವು, ಹತ್ತು ಮತ್ತು ಅದಕ್ಕಿಂತ ಹೆಚ್ಚು ಕಡೆ ಶಾಖೆ ಇರುವವು ಮೆನುವಿನಲ್ಲಿ ಅದನ್ನು ಹೇಳಬೇಕು. ನಮ್ಮ ಖಾನಾವಳಿಗೆ ಇರುವುದು ಒಂದೇ ಶಾಖೆ, ಮೆನು ಎಂದರೆ ಬಡಿಸುವವನ ಬಾಯಿ. ಅವನಿಗೆ ಈ ನಿಯಮ ಮುಟ್ಟುವುದಿಲ್ಲ, ಮುಟ್ಟಬೇಕೆಂದು ನಾನೂ ಬಯಸುವುದಿಲ್ಲ. ಇನ್ನೊಂದು ರಜಿಸ್ಟರ್ ಇಟ್ಟುಕೊ ಎಂದು ಹೇಳುವ ಕೆಲಸದಿಂದ ನಿವೃತ್ತನಾಗಿದ್ದೇನೆ.

ಹಾಗಾದರೆ ಹೇಳುವುದು ಹೇಗೆ? ಮೊದಮೊದಲು ‘ಗ್ಲುಟೆನ್’ ಎಂದೆ. ಬಡಿಸುವ ಹುಡುಗ ಒಳಗೆ ಹೋಗಿ ‘ಆ ಪಲ್ಯ ಇವತ್ತ ಮಾಡಿಲ್ಲಂತ್ರಿ’ ಎಂದು ಬಂದು ಹೇಳಿದ. ‘ಅಲರ್ಜಿ’ ಎಂದೆ, ತುರಿಕೆ ಎಂದುಕೊಂಡು ಬದನೆಕಾಯಿ ತೆಗೆದಿಟ್ಟರು. ‘ಡಯಟ್’ ಎಂದರೆ ಇನ್ನೂ ಕೆಟ್ಟದ್ದು, ಎಣ್ಣೆ ಬಿಟ್ಟು ಎರಡು ಚಪಾತಿ ತಂದರು, ಡಯಟ್ಟಿನವರು ಚಪಾತಿ ತಿನ್ನುತ್ತಾರಲ್ಲ! ಕೊನೆಗೆ ಕೆಲಸಕ್ಕೆ ಬಂದದ್ದು ನಮ್ಮ ಸೀಮೆಯಲ್ಲಿ ಮೊದಲೇ ಇದ್ದ ತಿಳಿವಳಿಕೆ. ಏಕಾದಶಿಯ ದಿನ ಸಾಬೂದಾಣಿ ಖಿಚಡಿ ಮಾಡುವ ಹೋಟೆಲಿನವನಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಬೇರೆ ಬುಟ್ಟಿ, ಬೇರೆ ಸೌಟು, ಅನ್ನದ ಕೈ ತಾಗಬಾರದು ಎಂಬುದು ಅವನಿಗೆ ಹುಟ್ಟಿನಿಂದ ಗೊತ್ತು. ತತ್ತಿ ಬೇಯಿಸಿದ ಬೋಗುಣಿಯಲ್ಲಿ ಸಾರು ಮಾಡಿದರೆ ಗಿರಾಕಿ ಎದ್ದು ಹೋಗುತ್ತಾನೆ ಎಂಬುದೂ ಗೊತ್ತು. ಬೇರೆ ಇಡುವುದು ನಮಗೆ ಬಾರದ ವಿದ್ಯೆಯಲ್ಲ. ಯಾವುದಕ್ಕಾಗಿ ಬೇರೆ ಇಡಬೇಕು ಎಂಬ ಪಟ್ಟಿಗೆ ಒಂದು ಹೊಸ ನಮೂದು ಸೇರಬೇಕು, ಅಷ್ಟೇ. ಈಗ ನಾನು ಹೇಳುವುದು ಇಷ್ಟು: ‘ನನಗ ಗೋಧಿ ವಿಷ ಇದ್ದಂಗ್ರಿ. ಉಪವಾಸದಾಗ ಅನ್ನ ಹೆಂಗ ಮುಟ್ಟೂದಿಲ್ಲೋ ಹಂಗ, ಗೋಧಿ ಹಿಟ್ಟಿನ ಕೈ ಸೈತ ನನ್ನ ರೊಟ್ಟಿಗೆ ತಾಗಬಾರದು.’ ಇದು ಅರ್ಥವಾಗುತ್ತದೆ. ಎಲ್ಲ ಕಡೆಯೂ ಮಾಡಿಕೊಡುತ್ತಾರೆ ಎಂದಲ್ಲ. ‘ನಮ್ಮಲ್ಲಿ ಆಗೂದಿಲ್ರೀ’ ಎಂದು ಕೆಲವರು ನೇರ ಹೇಳುತ್ತಾರೆ. ಅಂಥ ಯಜಮಾನನಿಗೆ ಕೈ ಮುಗಿಯಬೇಕು, ಅವನಿಂದ ನಾನು ಸುಸ್ತಾಗಿ ನರಳಬೇಕಿದ್ದ ಹದಿನೈದು ದಿನ ಉಳಿಯುತ್ತವೆ.

ಮಠದ ದಾಸೋಹ ಇದಕ್ಕಿಂತ ಕಷ್ಟ. ಜಾತ್ರೆಯ ಹುಗ್ಗಿ ಪ್ರಸಾದ, ಅದಕ್ಕೆ ‘ಒಲ್ಲೆ’ ಎನ್ನುವ ನಾಲಿಗೆ ನನಗೆ ಇನ್ನೂ ಬಂದಿಲ್ಲ. ಕೈಯೊಡ್ಡಿ ಇಸಿದುಕೊಂಡು ಕಣ್ಣಿಗೆ ಒತ್ತಿಕೊಂಡು ಪಕ್ಕದವರ ಎಲೆಗೆ ಹಾಕುತ್ತೇನೆ. ಒಮ್ಮೆ ಒಬ್ಬ ಅಜ್ಜಿ ನೋಡಿ, ‘ಯಾಕೋ ಯಪ್ಪಾ, ಹುಗ್ಗಿ ನಿನಗೇನ್ ಮಾಡೇತಿ?’ ಎಂದಳು. ಸೀಲಿಯಾಕ್ ಕಾಯಿಲೆಯ ಬಗ್ಗೆ ನನಗೆ ಬಂದ ಪ್ರಶ್ನೆಗಳಲ್ಲಿ ಇದಕ್ಕೆ ಮಾತ್ರ ಉತ್ತರ ಹೊಳೆಯಲಿಲ್ಲ.

ಬನಹಟ್ಟಿಯಲ್ಲಿ ಒಬ್ಬ ಅಕ್ಕ ಖಾನಾವಳಿ ನಡೆಸುತ್ತಾರೆ. ಅವರ ಹೆಸರು ಹೇಳಿದರೆ ನಾಳೆ ನೀವೆಲ್ಲ ಅಲ್ಲಿಗೇ ಹೋಗುತ್ತೀರಿ, ಅವರು ನನ್ನನ್ನು ಬೈಯುತ್ತಾರೆ. ನನ್ನ ಮಾತು ಪೂರ್ತಿ ಕೇಳಿಸಿಕೊಂಡು ಅವರು ಮೊದಲು ಹೇಳಿದ್ದು, ‘ಬ್ಯಾರೆ ಹಂಚ ಇಡಬೌದ್ರಿ. ಆದ್ರ ಒಂದ್ ಗಂಟೆ ಗದ್ದಲದಾಗ ಯಾವ ಕೈ ಎಲ್ಲಿ ಹೋಗತೈತೋ ನಾ ಹೆಂಗ ಹೇಳ್ಲಿ?’ ಇಷ್ಟು ಖರೇ ಮಾತು ನಾನು ಯಾವ ಶಾಖೆಯ ವ್ಯವಸ್ಥಾಪಕರ ಬಾಯಲ್ಲೂ ಕೇಳಿಲ್ಲ. ಸ್ವಲ್ಪ ಹೊತ್ತು ಒಲೆ ನೋಡುತ್ತ ನಿಂತರು. ಆಮೇಲೆ ಕೇಳಿದರು, ‘ಮುಂಜಾನೆ ಹತ್ತಕ್ಕ ಬರ್ತೀರೇನ್ರಿ?’ ರಾತ್ರಿ ತಿಕ್ಕಿಟ್ಟ ಹಂಚು, ತೊಳೆದ ಪರಾತ, ಹೊಸ ನೀರು, ಒಗೆದ ಅರಿವೆ. ಹತ್ತಕ್ಕೆ ಅವರೇ ಕೂತು ಬರೀ ರೊಟ್ಟಿ ಬಡಿಯುತ್ತಾರೆ, ಚಪಾತಿ ಶುರುವಾಗುವುದು ಹನ್ನೊಂದರ ಮೇಲೆ. ಜೋಳ ಅವರ ಹೊಲದ್ದು, ಬೀಸಿಕೊಂಡು ಬರುವುದು ನನ್ನ ಜವಾಬ್ದಾರಿ. ಹೀಗಾಗಿ ಬನಹಟ್ಟಿಗೆ ಹೋದ ದಿನ ನನ್ನ ಮಧ್ಯಾಹ್ನದ ಊಟ ಬೆಳಿಗ್ಗೆ ಹತ್ತು ಗಂಟೆಗೆ. ಪಕ್ಕದ ಬಾಕಿನ ಮೇಲೆ ಚಹಾಕ್ಕೆ ಟೋಸ್ಟ್ ಅದ್ದಿಕೊಳ್ಳುತ್ತ ನೇಕಾರರು ಕೂತಿರುತ್ತಾರೆ. ಇಷ್ಟು ಬೇಗ ಎಣಗಾಯಿ ರೊಟ್ಟಿ ಹೊಡೆಯುವ ಈ ಸಾಹೇಬ ಯಾರೆಂದು ಹೊಸಬರು ಕೇಳಿದರೆ, ಅಕ್ಕ ಒಳಗಿನಿಂದಲೇ ಕೂಗುತ್ತಾರೆ: ‘ಅವರದು ಉಪವಾಸ ಐತೋ, ಟೋಸ್ಟ್ ಆಚಿ ಸರಸ್ಕೋ.’